ನಕಲು ಎಂಬ ಪದವೂ ನಾಲ್ಕು ತಾಲ್ಲೂಕುಗಳ ಓದೂ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ - ಈ ನಾಲ್ಕು ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಕಂದಾಯದ ಲೆಕ್ಕದಲ್ಲಿ ಇವು ತುಮಕೂರು ಜಿಲ್ಲೆಗೇ ಸೇರಿದ್ದರೂ ಶಾಲೆಗಳ ಲೆಕ್ಕದಲ್ಲಿ ಪ್ರತ್ಯೇಕ. ಮಳೆ ಕಡಿಮೆ, ಕಲ್ಲು ಹೆಚ್ಚು, ದುಡಿಮೆಗಾಗಿ ಬೆಂಗಳೂರಿನ ಬಸ್ಸು ಹತ್ತುವವರು ಇನ್ನೂ ಹೆಚ್ಚು. ಇಂತಹ ಸೀಮೆಯಲ್ಲಿ ಪದವಿ ಓದಲು ಹೊರಟವರ ಕೈಗೆ ವಿಶ್ವವಿದ್ಯಾನಿಲಯದ ಪಠ್ಯ ಹೇಗೆ ತಲುಪಿತು? ಪಾಳೇಗಾರರ ಕೋಟೆಗಳ ಬಗ್ಗೆ, ಏಕಶಿಲೆಯ ಬೆಟ್ಟದ ಬಗ್ಗೆ ಸಾಕಷ್ಟು ಬರೆದಿರುವ ನಾವು ಈ ಪ್ರಶ್ನೆಯನ್ನು ಕೇಳಿಕೊಂಡದ್ದು ಕಡಿಮೆ.

ಈಗ ಕೇಳಿಕೊಳ್ಳಬೇಕಾದ ಕಾಲ ಬಂದಿದೆ. ವಿಶ್ವವಿದ್ಯಾನಿಲಯಗಳ ಪಠ್ಯ ಕಾಗದದಿಂದ ಪರದೆಗೆ ಸಾಗುತ್ತಿದೆ. ಇದನ್ನು ಕೆಲವರು ಕ್ರಾಂತಿ ಎಂದು ಕೊಂಡಾಡುತ್ತಾರೆ, ಕೆಲವರು ಪುಸ್ತಕ ಸಂಸ್ಕೃತಿಯ ಅಂತ್ಯವೆಂದು ಮರುಗುತ್ತಾರೆ. ಇತಿಹಾಸ ಓದಿದವರಿಗೆ ಎರಡೂ ಅವಸರದ ಮಾತುಗಳೇ. ಬರವಣಿಗೆ ಒಂದು ವಸ್ತುವಿನಿಂದ ಇನ್ನೊಂದಕ್ಕೆ ಸಾಗಿದ್ದು ಇದೇ ಮೊದಲಲ್ಲ. ಹಾಗೆ ಸಾಗಿದಾಗಲೆಲ್ಲ ಕೆಲವರು ಮುಂದೆ ಹೋದರು, ಕೆಲವರು ದಾರಿಯಲ್ಲೇ ಉಳಿದರು. ಹೀಗೆ ಉಳಿದವರು ಯಾರು ಎಂಬುದೇ ನಮ್ಮ ಮುಂದಿರುವ ಪ್ರಶ್ನೆ.

ಮಾತಿನಲ್ಲಿ ಉಳಿದ ಕಾಗದ

ಕಡತ ಎಂದರೆ ಇಂದು ತಾಲ್ಲೂಕು ಕಚೇರಿಯ ಫೈಲು. ಹಿಂದೆ ಅದು ಬರೆಯುವ ವಸ್ತುವಿನದೇ ಹೆಸರಾಗಿತ್ತು. ಹತ್ತಿಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದರೆ ಕಡತ ಸಿದ್ಧ. ಅದರ ಮೇಲೆ ಬಳಪದಲ್ಲಿ ಬರೆಯುತ್ತಿದ್ದರು, ಬೇಡವಾದರೆ ಒರೆಸಿ ಮತ್ತೆ ಬರೆಯುತ್ತಿದ್ದರು. ಶಾನುಭೋಗರ ಲೆಕ್ಕ ಕಡತದಲ್ಲಿ, ಕಾವ್ಯ ಶಾಸ್ತ್ರಗಳು ಓಲೆಗರಿಯಲ್ಲಿ. ಎರಡೂ ಕೆಲವೇ ಮನೆಗಳ ಸೊತ್ತು. ಬರೆಯುವ ವಿದ್ಯೆ ಯಾವ ಮನೆಯಲ್ಲಿತ್ತೋ ಊರಿನ ಜಮೀನಿನ ಸತ್ಯವೂ ಆ ಮನೆಯಲ್ಲೇ ಇತ್ತು.

ಹದಿನೇಳನೆಯ ಶತಮಾನದಲ್ಲಿ ಶಿರಾ ಮೊದಲು ಬಿಜಾಪುರದ ಆದಿಲ್‌ಶಾಹಿಗಳ, ಬಳಿಕ 1687ರಲ್ಲಿ ಮೊಘಲರ ಕೈಸೇರಿತು. ಖಾಸಿಂ ಖಾನ್ ಇಲ್ಲಿಯ ಮೊದಲ ಮೊಘಲ್ ಫೌಜುದಾರ. ಕೋಲಾರ, ಹೊಸಕೋಟೆ, ದೊಡ್ಡಬಳ್ಳಾಪುರ, ಪೆನುಕೊಂಡ, ಬೂದಿಹಾಳ, ಬಸವಾಪಟ್ಟಣ, ಶಿರಾ - ಈ ಏಳು ಪರಗಣಗಳ ಆಡಳಿತ ಶಿರಾದಿಂದ ನಡೆಯಿತು. ಆಡಳಿತವೆಂದರೆ ಲೆಕ್ಕ, ಲೆಕ್ಕವೆಂದರೆ ಕಾಗದ. ಬಹಮನಿಗಳ ಕಾಲದಿಂದಲೇ ಕನ್ನಡಕ್ಕೆ ಬರುತ್ತಿದ್ದ ಪಾರಸಿ, ಅರಬ್ಬಿ ಪದಗಳಿಗೆ ನಮ್ಮ ಸೀಮೆಯಲ್ಲಿ ಗಟ್ಟಿ ನೆಲೆ ಒದಗಿಸಿದ್ದು ಇಂತಹ ಕಚೇರಿಗಳೇ. ಕಾಗದ ಎಂಬ ಪದ ಪಾರಸಿಯ ‘ಕಾಗಜ್’ನಿಂದ ಬಂದದ್ದು. ಶಾಯಿಯ ಮೂಲ ‘ಸಿಯಾಹಿ’, ಅಂದರೆ ಕಪ್ಪು. ದಫ್ತರ, ಜಿಲ್ದು, ಅಸಲು, ಕಲಮು - ಇವುಗಳನ್ನು ಬಿಟ್ಟು ಕನ್ನಡದ ಕಚೇರಿ ಒಂದು ದಿನವೂ ನಡೆಯದು. ಇವು ಯಾರ ಪದಗಳು ಎಂದು ಇಂದು ಯಾರೂ ಕೇಳುವುದಿಲ್ಲ. ಹಾಗೆ ಕೇಳದಷ್ಟು ಅವು ನಮ್ಮವಾಗಿವೆ.

ಈ ಪದಗಳಲ್ಲಿ ‘ನಕಲು’ ಎಂಬುದೊಂದು ವಿಶೇಷವಾದದ್ದು. ಅರಬ್ಬಿಯಲ್ಲಿ ‘ನಕ್ಲ್’ ಎಂದರೆ ಮೂಲತಃ ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವುದು. ಬರೆದದ್ದನ್ನು ಸಾಗಿಸುವ ಬಗೆಯೆಂದರೆ ಅದರ ಪ್ರತಿ ಮಾಡುವುದು. ಹೀಗೆ ಸಾಗಣೆ ಎಂಬ ಅರ್ಥ ಪ್ರತಿ ಎಂಬ ಅರ್ಥವಾಯಿತು. ಕನ್ನಡಕ್ಕೆ ಬಂದ ಮೇಲೆ ಪರೀಕ್ಷೆಯ ಕಾಪಿ, ಖೋಟಾ ನೋಟು ಎಂಬ ಕೆಟ್ಟ ಅರ್ಥಗಳೂ ಅಂಟಿಕೊಂಡವು. ಆದರೆ ಬಡವನ ಮನೆಗೆ ವಿದ್ಯೆ ಬಂದದ್ದು ಅಸಲಿನ ರೂಪದಲ್ಲಲ್ಲ, ನಕಲಿನ ರೂಪದಲ್ಲಿ. ಇದು ಮುಂದಿನ ಕಥೆಯಿಂದ ಸ್ಪಷ್ಟವಾಗುತ್ತದೆ.

ಮೂರು ವಿಶ್ವವಿದ್ಯಾನಿಲಯಗಳು

ನಮ್ಮ ತಾಲ್ಲೂಕುಗಳು ಒಂದು ಶತಮಾನದಲ್ಲಿ ಮೂರು ವಿಶ್ವವಿದ್ಯಾನಿಲಯಗಳನ್ನು ಕಂಡಿವೆ. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿತು. 1964ರಲ್ಲಿ ಸ್ಥಾಪನೆಯಾದ ಬೆಂಗಳೂರು ವಿಶ್ವವಿದ್ಯಾನಿಲಯದ ವ್ಯಾಪ್ತಿಗೆ ಮುಂದೆ ತುಮಕೂರು ಜಿಲ್ಲೆ ಸೇರಿತು. 2004ರಲ್ಲಿ ಜಿಲ್ಲೆಗೇ ಪ್ರತ್ಯೇಕವಾಗಿ ತುಮಕೂರು ವಿಶ್ವವಿದ್ಯಾನಿಲಯ ಬಂತು.

ಮೈಸೂರಿನ ವಿಶ್ವವಿದ್ಯಾನಿಲಯ ಆರಂಭದಲ್ಲಿ ಇಂಗ್ಲಿಷಿನ ಕೋಟೆಯಾಗಿತ್ತು. ಆದರೂ 1930ರ ದಶಕದಲ್ಲಿ ಅದರ ಅಧ್ಯಾಪಕರು ಊರೂರಿಗೆ ಹೋಗಿ ಕನ್ನಡದಲ್ಲಿ ಪ್ರಚಾರೋಪನ್ಯಾಸ ಕೊಡುವ ಪದ್ಧತಿ ಶುರುವಾಯಿತು. ಆ ಉಪನ್ಯಾಸಗಳು ಸಣ್ಣ ಪುಸ್ತಕಗಳಾಗಿ ಅಗ್ಗದ ಬೆಲೆಗೆ ಹೊರಬಂದವು. 1956ರಿಂದ 1960ರವರೆಗೆ ಕುಲಪತಿಯಾಗಿದ್ದ ಕುವೆಂಪು ಅವರು ಪದವಿ ತರಗತಿಗಳಿಗೂ ಕನ್ನಡ ಮಾಧ್ಯಮ ತರಲು ಪಟ್ಟುಹಿಡಿದರು. ಮಾಧ್ಯಮ ಬೇಕೆಂದರೆ ಪಠ್ಯ ಬೇಕು, ಹಾಗಾಗಿ ವಿಜ್ಞಾನ, ಅರ್ಥಶಾಸ್ತ್ರ, ಚರಿತ್ರೆಗಳ ಕನ್ನಡ ಪುಸ್ತಕಗಳು ಬರೆಯಲ್ಪಟ್ಟವು. ಪಠ್ಯದ ರೂಪ ಬದಲಾಗುವಾಗ ಅದರ ಭಾಷೆಯನ್ನೂ ಬದಲಿಸಬೇಕೆಂದು, ಆಗಲೇ ಹೊಸ ಓದುಗ ಒಳಗೆ ಬರುತ್ತಾನೆಂದು ಕುವೆಂಪು ಅವರಿಗೆ ತಿಳಿದಿತ್ತು. ಇಂದಿನ ಡಿಜಿಟಲ್ ಯೋಜನೆಗಳನ್ನು ರೂಪಿಸುವವರು ಕಲಿಯಬೇಕಾದ ಮೊದಲ ಪಾಠವಿದು.

ಎರಡನೆಯ ಪಾಠ ಅಂಚೆಯದು. 1969ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಅಂಚೆ ಮತ್ತು ತೆರಪಿನ ಶಿಕ್ಷಣವನ್ನು ಆರಂಭಿಸಿತು. ಅದೇ ಬೆಳೆದು 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಈ ಬದಲಾವಣೆಯ ಬೆಲೆ ತಿಳಿಯಬೇಕಾದರೆ ಪಾವಗಡದ ನಕ್ಷೆಯನ್ನು ನೋಡಬೇಕು. ಮೂರು ಕಡೆ ಆಂಧ್ರ, ಜಿಲ್ಲಾ ಕೇಂದ್ರ ಸುಮಾರು 100 ಕಿಲೋಮೀಟರು ದೂರ, ರೈಲಿನ ಮುಖ ಕಾಣದ ದಶಕಗಳು. ಕಾಲೇಜಿಗೆ ಹೋಗಲಾಗದ ಶಾಲಾ ಶಿಕ್ಷಕ, ಪಿಯುಸಿ ಮುಗಿದೊಡನೆ ಮನೆಯಲ್ಲಿ ಕುಳಿತ ಹುಡುಗಿ, ಅಂಗಡಿಯಲ್ಲಿ ಗುಮಾಸ್ತನಾಗಿದ್ದ ತರುಣ - ಇವರೆಲ್ಲರ ಮನೆ ಬಾಗಿಲಿಗೆ ಅಂಚೆಯಣ್ಣ ವಿಶ್ವವಿದ್ಯಾನಿಲಯವನ್ನು ತಂದು ಕೊಟ್ಟ. ಸಿದ್ಧಪಾಠ ಎಂದು ಕರೆಯಲಾಗುತ್ತಿದ್ದ ಆ ಪುಸ್ತಕಗಳ ಮುದ್ರಣ ಒರಟಾಗಿರಬಹುದು, ಕಾಗದ ತೆಳುವಾಗಿರಬಹುದು. ಆದರೆ ಅವುಗಳಿಗೊಂದು ಗುಣವಿತ್ತು. ಅಧ್ಯಾಪಕನಿಲ್ಲದೆಯೂ ಅರ್ಥವಾಗಲೆಂದು ಅವುಗಳನ್ನು ಬರೆಯಲಾಗುತ್ತಿತ್ತು. ಅಕ್ಕ ಓದಿ ಮುಗಿಸಿದ ಪುಸ್ತಕ ತಂಗಿಗೆ, ತಂಗಿಯಿಂದ ಪಕ್ಕದ ಮನೆಗೆ ಹೋಗುತ್ತಿತ್ತು. ಹೆಣ್ಣುಮಕ್ಕಳ ಪಾಲಿಗೆ, ಅದರಲ್ಲೂ ಮುಸ್ಲಿಂ ಹೆಣ್ಣುಮಕ್ಕಳ ಪಾಲಿಗೆ, ಇದು ಸಣ್ಣ ಸಂಗತಿಯಲ್ಲ. ಬಸ್ಸಿನ ಖರ್ಚು, ಊರವರ ಮಾತು, ಮನೆಯವರ ಅಂಜಿಕೆ ಎಲ್ಲವನ್ನೂ ದಾಟಿ ಒಳಗೆ ಬರಬಲ್ಲ ಕಾಲೇಜು ಅದೊಂದೇ ಆಗಿತ್ತು. ಉರ್ದುವಿನಲ್ಲಿ ಓದುವವರಿಗೆ ಹೈದರಾಬಾದಿನ ಮೌಲಾನಾ ಆಜಾದ್ ರಾಷ್ಟ್ರೀಯ ಉರ್ದು ವಿಶ್ವವಿದ್ಯಾನಿಲಯವೂ 1998ರಲ್ಲಿ ದೂರಶಿಕ್ಷಣದಿಂದಲೇ ತನ್ನ ಕೆಲಸ ಶುರುಮಾಡಿತು ಎಂಬುದನ್ನು ಇಲ್ಲಿ ನೆನೆಯಬೇಕು.

ಜೆರಾಕ್ಸ್ ಅಂಗಡಿಯ ಹಕ್ಕು

ಅಚ್ಚಿನ ಪುಸ್ತಕ ಕೊಳ್ಳಲಾಗದವರಿಗೆ ಒದಗಿದ್ದು ಜೆರಾಕ್ಸ್ ಅಂಗಡಿ. ತಾಲ್ಲೂಕು ಕೇಂದ್ರಗಳ ಬಸ್ ನಿಲ್ದಾಣದ ಬಳಿ, ಕಾಲೇಜಿನ ರಸ್ತೆಯಲ್ಲಿ ಈ ಅಂಗಡಿಗಳು ಎದ್ದ ಮೇಲೆ ಒಬ್ಬರ ನೋಟ್ಸು ಹತ್ತು ಜನರದಾಯಿತು. ವಿದ್ವಾಂಸರು ಇದನ್ನು ಹಗುರವಾಗಿ ಕಂಡರು. ಪ್ರಕಾಶಕರು ಕಳ್ಳತನವೆಂದರು.

ಈ ವ್ಯಾಜ್ಯ ಒಮ್ಮೆ ನ್ಯಾಯಾಲಯದ ಕಟಕಟೆಯನ್ನೂ ಏರಿತು. ದೆಹಲಿ ವಿಶ್ವವಿದ್ಯಾನಿಲಯದ ಆವರಣದಲ್ಲಿದ್ದ ರಾಮೇಶ್ವರಿ ಫೋಟೊಕಾಪಿ ಎಂಬ ಸಣ್ಣ ಅಂಗಡಿಯ ಮೇಲೆ ಆಕ್ಸ್‌ಫರ್ಡ್, ಕೇಂಬ್ರಿಜ್ ಮುಂತಾದ ಜಗತ್ತಿನ ದೊಡ್ಡ ಪ್ರಕಾಶನ ಸಂಸ್ಥೆಗಳು 2012ರಲ್ಲಿ ದಾವೆ ಹೂಡಿದವು. ಅಧ್ಯಾಪಕರು ಸೂಚಿಸಿದ ಅಧ್ಯಾಯಗಳನ್ನು ನಕಲು ಮಾಡಿ, ಒಟ್ಟಿಗೆ ಕಟ್ಟಿ ವಿದ್ಯಾರ್ಥಿಗಳಿಗೆ ಮಾರುತ್ತಿದ್ದುದೇ ಆ ಅಂಗಡಿಯ ಅಪರಾಧ. ದೆಹಲಿ ಉಚ್ಚ ನ್ಯಾಯಾಲಯ 2016ರ ಸೆಪ್ಟೆಂಬರಿನಲ್ಲಿ ದಾವೆಯನ್ನು ವಜಾ ಮಾಡಿತು. ಪಾಠದ ಸಲುವಾಗಿ ಮಾಡುವ ನಕಲಿಗೆ ನಮ್ಮ ಕೃತಿಸ್ವಾಮ್ಯ ಕಾಯ್ದೆಯಲ್ಲೇ ಅವಕಾಶವಿದೆ ಎಂಬುದು ಆ ತೀರ್ಪಿನ ತಿರುಳು. 2017ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದರಲ್ಲಿ ಕೈಹಾಕಲು ಒಪ್ಪಲಿಲ್ಲ.

ದೆಹಲಿಯ ಆ ತೀರ್ಪು ಮಧುಗಿರಿಯ ವಿದ್ಯಾರ್ಥಿಗೂ ಸಂಬಂಧಿಸಿದ್ದು. ಕಾಗದದ ಪುಸ್ತಕ ಕೊಂಡವನು ಅದನ್ನು ಇನ್ನೊಬ್ಬನಿಗೆ ಕೊಡಬಹುದಿತ್ತು, ಮಾರಬಹುದಿತ್ತು, ಬೇಕಾದ ಪುಟ ನಕಲು ಮಾಡಿಸಬಹುದಿತ್ತು. ಪರದೆಯ ಪುಸ್ತಕಕ್ಕೆ ಬೀಗವಿರುತ್ತದೆ. ಪಾಸ್‌ವರ್ಡ್ ಇದ್ದವನಿಗೆ ಮಾತ್ರ ಪ್ರವೇಶ, ಇಳಿಸಿಕೊಳ್ಳಲು ಅನುಮತಿಯಿಲ್ಲ, ಕೋರ್ಸು ಮುಗಿದ ಮೇಲೆ ಬಾಗಿಲು ಮುಚ್ಚುತ್ತದೆ. ನ್ಯಾಯಾಲಯ ಕೊಟ್ಟ ಹಕ್ಕನ್ನು ತಂತ್ರಾಂಶ ಸದ್ದಿಲ್ಲದೆ ಕಿತ್ತುಕೊಂಡರೆ ಯಾರನ್ನು ಕೇಳುವುದು?

ಆಕಾಶದಿಂದ ಬಂದ ಪಾಠ, ಓದಲಾಗದ ಅಕ್ಷರ

ತುಮಕೂರು ವಿಶ್ವವಿದ್ಯಾನಿಲಯ ಹುಟ್ಟಿದ 2004ರಲ್ಲಿ ಇನ್ನೆರಡು ಘಟನೆಗಳು ನಡೆದವು. ಮೈಸೂರು ವಿಶ್ವವಿದ್ಯಾನಿಲಯ 1969ರಿಂದ ಪ್ರಕಟಿಸುತ್ತ ಬಂದಿದ್ದ ಕನ್ನಡ ವಿಶ್ವಕೋಶದ 14ನೆಯ ಹಾಗೂ ಕೊನೆಯ ಸಂಪುಟ ಹೊರಬಂತು. ಸೆಪ್ಟೆಂಬರ್ 20ರಂದು ಶ್ರೀಹರಿಕೋಟೆಯಿಂದ ಎಜುಸ್ಯಾಟ್ ಎಂಬ ಉಪಗ್ರಹ ಹಾರಿತು. ಶಿಕ್ಷಣಕ್ಕೆಂದೇ ಮೀಸಲಾದ ಆ ಉಪಗ್ರಹವನ್ನು ಮೊದಲು ಬಳಸಿದವರಲ್ಲಿ ನಮ್ಮ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯವೂ ಒಂದು. ಆಕಾಶದಿಂದ ಪಾಠ ಬಂತೆಂದು ಎಲ್ಲರೂ ಬೆರಗಾದರು. 2010ರಲ್ಲಿ ಆ ಉಪಗ್ರಹದ ಆಯುಸ್ಸು ಮುಗಿಯಿತು. ಉಪಗ್ರಹ ಇಂದು ಇಲ್ಲ, ವಿಶ್ವಕೋಶದ ಕಾಗದದ ಸಂಪುಟಗಳು ಇನ್ನೂ ಕಪಾಟಿನಲ್ಲಿವೆ.

ಅದೇ ಕಾಲಕ್ಕೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮುಂದೆ ನಿಂತು ಭಾರತದ ಡಿಜಿಟಲ್ ಗ್ರಂಥಾಲಯ ಎಂಬ ಯೋಜನೆಯಲ್ಲಿ ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡಿಸಿತು. ಅವುಗಳಲ್ಲಿ ಕನ್ನಡ ಪುಸ್ತಕಗಳೂ ಸಾಕಷ್ಟಿದ್ದವು. ಕೆಲವು ವರ್ಷಗಳ ನಂತರ ಆ ಜಾಲತಾಣ ನಿಂತುಹೋಯಿತು. ಆದರೂ ಆ ಪುಸ್ತಕಗಳು ಇಂದು ಓದಲು ಸಿಗುತ್ತಿದ್ದರೆ ಅದಕ್ಕೆ ಕಾರಣ ಸರ್ಕಾರವಲ್ಲ. ಪುಸ್ತಕಪ್ರೇಮಿಗಳು ಅವುಗಳನ್ನು ಇಳಿಸಿಕೊಂಡು ಇಂಟರ್‌ನೆಟ್ ಆರ್ಕೈವ್‌ನಲ್ಲಿ ನಕಲು ಇಟ್ಟರು. ಒಂದೇ ಕಡೆ ಇಟ್ಟ ಅಸಲು ಅಳಿಯಿತು, ಹಲವು ಕಡೆ ಹಂಚಿದ ನಕಲು ಉಳಿಯಿತು. ಓಲೆಗರಿಯ ಕಾಲದಲ್ಲೂ ನಡೆದದ್ದು ಹೀಗೆಯೇ. ಹೆಚ್ಚು ಮಂದಿ ನಕಲು ಮಾಡಿಕೊಂಡ ಕಾವ್ಯಗಳೇ ಹೆಚ್ಚಾಗಿ ನಮ್ಮ ಕೈಸೇರಿವೆ.

ಸ್ಕ್ಯಾನ್ ಮಾಡಿದರೆ ಪಠ್ಯ ಡಿಜಿಟಲ್ ಆಯಿತೇ? ಅದೂ ಪೂರ್ತಿ ನಿಜವಲ್ಲ. ಸ್ಕ್ಯಾನ್ ಎಂದರೆ ಪುಟದ ಫೋಟೊ ಮಾತ್ರ. ಅದರಲ್ಲಿ ಪದ ಹುಡುಕಲಾಗದು, ಅಕ್ಷರ ದೊಡ್ಡದು ಮಾಡಿದರೆ ಸಾಲು ಪರದೆಯಾಚೆ ಹೋಗುತ್ತದೆ, ಅಂಧ ವಿದ್ಯಾರ್ಥಿಗೆ ಓದಿ ಹೇಳುವ ತಂತ್ರಾಂಶಕ್ಕೆ ಅದು ಬರಿಯ ಮೌನ. ಕಂಪ್ಯೂಟರಿನಲ್ಲೇ ಬೆರಳಚ್ಚು ಮಾಡಿದ ಪಠ್ಯವೂ ಬಹುಕಾಲ ಇದೇ ಪಾಡು ಪಟ್ಟಿತು. ಶೇಷಾದ್ರಿವಾಸು ಅವರು 1998ರಲ್ಲಿ ಕೊಟ್ಟ ‘ಬರಹ’, ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ - ಇವು ಕನ್ನಡಕ್ಕೆ ಮಾಡಿದ ಉಪಕಾರ ಸಣ್ಣದಲ್ಲ. ಆದರೆ ಆ ಕಾಲದ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಕೇತದ ಮೇಲೆ ಕನ್ನಡದ ರೂಪ ಹೊದಿಸುತ್ತಿದ್ದವು. ಒಂದು ಕಂಪ್ಯೂಟರಿನಲ್ಲಿ ಬರೆದದ್ದನ್ನು ಆ ಫಾಂಟಿಲ್ಲದ ಇನ್ನೊಂದರಲ್ಲಿ ತೆರೆದರೆ ಕಾಣುತ್ತಿದ್ದುದು ಅರ್ಥವಿಲ್ಲದ ಚಿಹ್ನೆಗಳ ಸಂತೆ. ಉರ್ದುವಿಗೆ ಇನ್‌ಪೇಜ್ ತಂದಿಟ್ಟ ತೊಡಕೂ ಇಂತಹದೇ. ಕಾತಿಬರ ಕೈಬರಹದ ಸೊಬಗನ್ನು ಅದು ಪರದೆಗೆ ತಂದಿತು, ಆದರೆ ಅದರ ಕಡತ ಇನ್ನೊಂದು ತಂತ್ರಾಂಶದಲ್ಲಿ ತೆರೆಯಲಿಲ್ಲ. ಎರಡು ಭಾಷೆಗಳೂ ಒಂದೇ ಕಷ್ಟವನ್ನು ಬೇರೆ ಬೇರೆ ಕೋಣೆಗಳಲ್ಲಿ ಕುಳಿತು ಅನುಭವಿಸಿದವು.

ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಸ್ಥಾನ ಸಿಕ್ಕಿತ್ತು. ಆದರೆ ನಮ್ಮ ಕಚೇರಿಗಳು, ಮುದ್ರಣಾಲಯಗಳು ಹಳೆಯ ಫಾಂಟುಗಳನ್ನು ಬಿಡಲು ದಶಕಗಳೇ ಹಿಡಿದವು. ಆ ನಡುವಿನ ಕಾಲದಲ್ಲಿ ಬೆರಳಚ್ಚಾದ ಪಠ್ಯಗಳು ಎಷ್ಟೋ ಹಾರ್ಡ್ ಡಿಸ್ಕುಗಳಲ್ಲಿ ಮೂಕವಾಗಿ ಬಿದ್ದಿವೆ. 2014ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಕನ್ನಡ ವಿಶ್ವಕೋಶದ ಆರು ಸಂಪುಟಗಳನ್ನು ಮುಕ್ತ ಪರವಾನಗಿಯಲ್ಲಿ ಬಿಟ್ಟುಕೊಟ್ಟದ್ದು ಇದಕ್ಕೆ ವಿರುದ್ಧವಾದ ಒಳ್ಳೆಯ ಉದಾಹರಣೆ. ಯಾರೂ ಓದಬಹುದು, ಯಾರೂ ನಕಲು ಮಾಡಬಹುದು, ಯಾರೂ ಹಂಚಬಹುದು. ಸಾರ್ವಜನಿಕರ ಹಣದಲ್ಲಿ ಬರೆಸಿದ ಪಠ್ಯಕ್ಕೆ ತಕ್ಕದಾದ ದಾರಿ ಇದೇ ಅಲ್ಲವೇ?

2020ರ ಪರೀಕ್ಷೆ

2020ರ ಮಾರ್ಚಿನಲ್ಲಿ ಕಾಲೇಜುಗಳ ಬಾಗಿಲು ಮುಚ್ಚಿದಾಗ ನಿಧಾನವಾಗಿ ನಡೆಯುತ್ತಿದ್ದ ಸಾಗಣೆ ಒಂದೇ ವಾರದಲ್ಲಿ ನಡೆದುಹೋಯಿತು. ನೋಟ್ಸು ವಾಟ್ಸಪ್ಪಿಗೆ ಬಂತು, ಪಾಠ ಯೂಟ್ಯೂಬಿಗೆ ಹೋಯಿತು. 2021ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಸರ್ಕಾರಿ ಪದವಿ, ಇಂಜಿನಿಯರಿಂಗ್, ಪಾಲಿಟೆಕ್ನಿಕ್ ಕಾಲೇಜುಗಳ ಸುಮಾರು 1.55 ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್ ಹಂಚುವ ಯೋಜನೆಗೆ ಚಾಲನೆ ಕೊಟ್ಟಿತು. ನಮ್ಮ ನಾಲ್ಕೂ ತಾಲ್ಲೂಕುಗಳಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿರುವುದರಿಂದ ಇದು ಇಲ್ಲಿಗೂ ಸಂಬಂಧಿಸಿದ ಸುದ್ದಿಯೇ. ಉದ್ದೇಶ ಒಳ್ಳೆಯದು. ಆದರೆ ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಎಂಬ ಗಾದೆ ಬೆಟ್ಟದ ಮರೆಯ ಹಳ್ಳಿಗಳಲ್ಲಿ ನಿಜವಾಗದಿರಲು ಸಲಕರಣೆಯ ಜೊತೆ ಸಂಪರ್ಕವೂ ಬೇಕಿತ್ತು.

2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆ ದೇಶದ ಹಳ್ಳಿಗಳ ಮನೆಗಳಲ್ಲಿ ಇಂಟರ್‌ನೆಟ್ ಸೌಲಭ್ಯವಿದ್ದವು ಶೇ. 15ರಷ್ಟು, ಕಂಪ್ಯೂಟರ್ ಇದ್ದವು ಶೇ. 5ಕ್ಕೂ ಕಡಿಮೆ ಎಂದು ಹೇಳಿತ್ತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಒಮ್ಮೆಯಾದರೂ ಇಂಟರ್‌ನೆಟ್ ಬಳಸಿದ ಮಹಿಳೆಯರು ಮೂವರಲ್ಲಿ ಒಬ್ಬರು ಮಾತ್ರ. ಗಂಡಸರಲ್ಲಿ ಅರ್ಧಕ್ಕಿಂತ ಹೆಚ್ಚು. ಈಚೆಗೆ ಈ ಸಂಖ್ಯೆಗಳು ಏರಿವೆ, ನಿಜ. ಆದರೆ ಮನೆಯಲ್ಲಿ ಫೋನು ಇರುವುದು ಬೇರೆ, ಅದು ಮಗಳ ಕೈಗೆ ಸಿಗುವುದು ಬೇರೆ. ಒಂದೇ ಫೋನಿರುವ ಮನೆಯಲ್ಲಿ ಅದು ಹಗಲಿಡೀ ಅಪ್ಪನ ಜೇಬಿನಲ್ಲಿ, ಸಂಜೆ ತಮ್ಮನ ಕೈಯಲ್ಲಿ. ಮಗಳ ಸರದಿ ಬರುವುದು ಎಲ್ಲರೂ ಮಲಗಿದ ಮೇಲೆ. ಫೋನು ಹಿಡಿದರೆ ಅನುಮಾನ, ಪುಸ್ತಕ ಹಿಡಿದರೆ ಮೆಚ್ಚುಗೆ ಎಂಬ ವಾತಾವರಣ ನಮ್ಮ ಎಷ್ಟೋ ಮನೆಗಳಲ್ಲಿದೆ. ಅಂಚೆಯಲ್ಲಿ ಬರುತ್ತಿದ್ದ ಸಿದ್ಧಪಾಠ ಆಕೆಯ ಹೆಸರಿಗೇ ಬರುತ್ತಿತ್ತು, ಆಕೆಯದೇ ಆಗಿರುತ್ತಿತ್ತು. ಪಿಡಿಎಫ್ ಮನೆಯ ಫೋನಿಗೆ ಬರುತ್ತದೆ. ಮೇಲ್ನೋಟಕ್ಕೆ ಒಂದೇ ಪಠ್ಯ, ಆದರೆ ಒಡೆತನ ಕೈಬದಲಾಯಿಸಿತು.

ಹಣದ ಲೆಕ್ಕವನ್ನೂ ನೋಡೋಣ. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯವು ಅಚ್ಚಿನ ಪುಸ್ತಕ ಬೇಡ, ಡಿಜಿಟಲ್ ಪ್ರತಿ ಸಾಕು ಎನ್ನುವವರಿಗೆ ಶುಲ್ಕದಲ್ಲಿ ಶೇ. 15ರಷ್ಟು ರಿಯಾಯಿತಿ ಕೊಡುವ ಪದ್ಧತಿ ತಂದಿತು. ಆಯ್ಕೆಯನ್ನು ವಿದ್ಯಾರ್ಥಿಗೇ ಬಿಟ್ಟದ್ದು ಮೆಚ್ಚತಕ್ಕದ್ದು. ಆದರೆ ರಿಯಾಯಿತಿಯ ಆಸೆ ಹೆಚ್ಚು ಯಾರಿಗೆ? ಹಣವಿಲ್ಲದವರಿಗೆ. ಪರದೆಯ ಮೇಲೆ ಓದಲು ಅನುಕೂಲ ಕಡಿಮೆ ಇರುವುದು ಯಾರಿಗೆ? ಅವರಿಗೇ. ಪರೀಕ್ಷೆ ಹತ್ತಿರ ಬಂದಾಗ ಅವರು ಅದೇ ಪಿಡಿಎಫ್ ಹಿಡಿದು ಜೆರಾಕ್ಸ್ ಅಂಗಡಿಯ ಮುಂದೆ ನಿಲ್ಲುತ್ತಾರೆ. ಸಾವಿರಾರು ಪ್ರತಿ ಒಟ್ಟಿಗೆ ಅಚ್ಚಾದಾಗ ಪುಟಕ್ಕೆ ಬೀಳುವ ಖರ್ಚಿಗಿಂತ ಅಲ್ಲಿ ಹೆಚ್ಚು ತೆರುತ್ತಾರೆ. ವಿಶ್ವವಿದ್ಯಾನಿಲಯದ ಮುದ್ರಣದ ಖರ್ಚು ಮಾಯವಾಗಲಿಲ್ಲ, ವಿದ್ಯಾರ್ಥಿಯ ಹೆಗಲಿಗೆ ಸಾಗಿತು. ಇದೂ ಒಂದು ಬಗೆಯ ‘ನಕ್ಲ್’ ತಾನೇ?

ಡಿಜಿಟಲ್ ಪಠ್ಯದ ಲಾಭವನ್ನು ಅಲ್ಲಗಳೆಯುವಂತಿಲ್ಲ. ಕರ್ನಾಟಕದಲ್ಲಿ 2021ರಲ್ಲಿ ನಾಲ್ಕು ವರ್ಷದ ಪದವಿ ಬಂತು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಮರಳಿತು. ಪಠ್ಯಕ್ರಮ ಹೀಗೆ ಮೂರು ವರ್ಷದಲ್ಲಿ ಎರಡು ಸಲ ಬದಲಾದರೆ ಅಚ್ಚಿನ ಪುಸ್ತಕ ಅದರ ಹಿಂದೆ ಓಡಲಾರದು. ಯೂನಿಕೋಡ್ ಪಠ್ಯವನ್ನು ಒಂದು ಸಂಜೆಯಲ್ಲಿ ತಿದ್ದಬಹುದು. ಅಂಧ ವಿದ್ಯಾರ್ಥಿ ಅದನ್ನು ಯಾರ ಹಂಗಿಲ್ಲದೆ ಕೇಳಬಹುದು. ಯಾವ ಅಂಗಡಿಯಲ್ಲೂ ಸಿಗದ ಪುಸ್ತಕ ಪಾವಗಡದ ಗಡಿಹಳ್ಳಿಯಲ್ಲೂ ಕ್ಷಣದಲ್ಲಿ ತೆರೆಯಬಹುದು. ಹಾಗಾಗಿ ಸಾಗಣೆಯನ್ನು ತಡೆಯುವುದು ನಮ್ಮ ಬೇಡಿಕೆಯಲ್ಲ. ಸಾಮಾನಿನ ಜೊತೆ ಓದುಗರನ್ನೂ ಬಂಡಿಗೆ ಹತ್ತಿಸಿಕೊಳ್ಳಿ ಎಂಬುದಷ್ಟೇ ನಮ್ಮ ಬೇಡಿಕೆ.

ಬೆಳಕು ಎಲ್ಲಿ ಬೀಳಬೇಕು

ಪಾವಗಡ ತಾಲ್ಲೂಕಿನ ತಿರುಮಣಿಯ ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನ ಎದ್ದಿದೆ. 2018ರಲ್ಲಿ ಅದರ ಮೊದಲ ಹಂತ ಉದ್ಘಾಟನೆಯಾದಾಗ ಬರದ ನಾಡು ಬೆಳಕಿನ ನಾಡಾಯಿತೆಂದು ಪತ್ರಿಕೆಗಳು ಬರೆದವು. ಜಗತ್ತಿನ ದೊಡ್ಡ ಸೌರ ಉದ್ಯಾನಗಳಲ್ಲೊಂದನ್ನು ಹೊತ್ತ ನೆಲದಲ್ಲಿ ಒಂದು ಪುಸ್ತಕ ತೆರೆಯುವಷ್ಟು ಬೆಳಕು, ಒಂದು ಪಾಠ ಇಳಿಸಿಕೊಳ್ಳುವಷ್ಟು ಸಂಪರ್ಕ ಎಲ್ಲ ಮಕ್ಕಳಿಗೂ ಸಿಗಬೇಕೆನ್ನುವುದು ದುರಾಸೆಯಲ್ಲ.

ಇದಕ್ಕೆ ಹೊಸ ಕಟ್ಟಡಗಳೂ ಬೇಕಿಲ್ಲ. 2019ರಲ್ಲಿ ಹಳ್ಳಿಗಳ ಗ್ರಂಥಾಲಯಗಳನ್ನು ಗ್ರಾಮ ಪಂಚಾಯಿತಿಗಳ ಸುಪರ್ದಿಗೆ ಕೊಡಲಾಯಿತು. ಇಂದು ಅವು ಅರಿವು ಕೇಂದ್ರಗಳೆಂಬ ಹೆಸರು ಪಡೆದಿವೆ. ವಿಶ್ವವಿದ್ಯಾನಿಲಯಗಳ ಪಠ್ಯವೆಲ್ಲ ಯೂನಿಕೋಡ್ ಕನ್ನಡದಲ್ಲಿ, ಉರ್ದು ಓದುವವರಿಗೆ ಉರ್ದುವಿನಲ್ಲಿ, ಬೀಗವಿಲ್ಲದೆ ಅಲ್ಲಿ ಸಿಗುವಂತಾಗಲಿ. ಪ್ರತಿ ಅರಿವು ಕೇಂದ್ರದ ಕಂಪ್ಯೂಟರಿನಲ್ಲೂ ಅದರ ಒಂದು ಪ್ರತಿ ಇರಲಿ. ಇಂಟರ್‌ನೆಟ್ ಕೈಕೊಟ್ಟ ದಿನವೂ ಓದು ನಿಲ್ಲಬಾರದು. ಅಗ್ಗದ ದರದಲ್ಲಿ ಪುಟ ಮುದ್ರಿಸುವ ಯಂತ್ರವೊಂದಿರಲಿ. ಹೆಣ್ಣುಮಕ್ಕಳು ಅಂಜಿಕೆಯಿಲ್ಲದೆ ಬಂದು ಕೂರುವ ಹೊತ್ತೊಂದನ್ನು ಗೊತ್ತುಮಾಡಲಿ. ಅಚ್ಚಿನ ಪುಸ್ತಕವೇ ಬೇಕೆನ್ನುವವರಿಗೆ ಅದು ದಂಡವಿಲ್ಲದೆ ದೊರೆಯಲಿ.

ಸರ್ಕಾರವನ್ನು ಕೇಳಿ ಸುಮ್ಮನಾಗುವುದೂ ಸರಿಯಲ್ಲ. ಮದುವೆಗೆ ಲಕ್ಷಗಟ್ಟಲೆ ಸುರಿಯುವ ನಮ್ಮ ಜಮಾಅತುಗಳು, ಸಂಘಗಳು, ಜಾತ್ರೆ ಸಮಿತಿಗಳು ಒಂದೊಂದು ಓದುವ ಕೋಣೆಗೆ ನಾಲ್ಕು ಕುರ್ಚಿ, ಒಂದು ಕಂಪ್ಯೂಟರು ಕೊಟ್ಟರೆ ಯಾವ ಸಂಪ್ರದಾಯವೂ ಮುರಿಯುವುದಿಲ್ಲ. ಮನೆಯಲ್ಲಿ ಒಂದೇ ಫೋನಿದ್ದರೆ ದಿನಕ್ಕೆ ಒಂದು ತಾಸು ಅದು ಮಗಳದು ಎಂದು ಅಪ್ಪ ಹೇಳಿದರೆ ಅದಕ್ಕೆ ಯಾವ ಸರ್ಕಾರಿ ಆದೇಶವೂ ಬೇಕಿಲ್ಲ.

ಕಡತ ಕೆಲವೇ ಮನೆಗಳ ಸೊತ್ತಾಗಿತ್ತು. ಅಚ್ಚು ಮತ್ತು ಅಂಚೆ ಸೇರಿ ಅದನ್ನು ಹಲವು ಮನೆಗಳಿಗೆ ಹಂಚಿದವು. ಪರದೆ ಎಲ್ಲ ಮನೆಗಳಿಗೂ ಹಂಚುತ್ತದೋ, ಮತ್ತೆ ಕೆಲವೇ ಮನೆಗಳಿಗೆ ಹಿಂದಿರುಗಿಸುತ್ತದೋ ಎಂಬುದನ್ನು ಯಂತ್ರ ತೀರ್ಮಾನಿಸುವುದಿಲ್ಲ. ಈ ನಾಲ್ಕು ತಾಲ್ಲೂಕುಗಳಲ್ಲಿ ಅದನ್ನು ತೀರ್ಮಾನಿಸಬೇಕಾದವರು ನಾವೇ.